ಒಂದೇ ಮಸಿಕುಡಿಕೆ

ಹದಿನಾರು ವರ್ಷ ಅವನ ಸ್ವರಗಳನ್ನು
ನಕಲು ಮಾಡಿದವನು ನಾನು, ಲೆಬರೆಕ್ಟ್ ಹಿಲ್ಷರ್,
ಎಲ್ಬೆ ದಂಡೆಯ ಓಣಿಯಲ್ಲಿ, ಚರ್ಮ ಹದಮಾಡುವವರ ಅಟ್ಟದಲ್ಲಿ.
ಕೈ ಮಸಿಯಾಯಿತು; ಬಾಯಿ ಮಾತ್ರ ಮೊಸರಾಗಲಿಲ್ಲ.
ನಲವತ್ತೊಂದು ಟಾಲರ್ ಬಾಕಿ ಇಟ್ಟು ಸತ್ತ.
ಯಾರನ್ನು ಕೇಳಲಿ?
ಅವನ ಹೆಸರಿಟ್ಟ ಬೀದಿಯನ್ನೇ?

ಪುಸ್ತಕ ಬರೆಯುವ ಹುಡುಗರು ನೀವು, ಬರುತ್ತೀರಿ, ಕೇಳುತ್ತೀರಿ:
ಎಂಥವನಿದ್ದ ಆಂಡ್ರೆಯಾಸ್ ವೋಲ್ಕಾರ್ಟ್?
ಗಿಡ್ಡ. ಪಿಯಾನೋ ಪೀಠದ ಮೇಲೆ
ಎರಡು ಬೈಬಲ್ ಪೇರಿಸಿ ಕೂರುತ್ತಿದ್ದ.
ಕುದುರೆ ಕಂಡರೆ ಬೀದಿಯ ಆ ಬದಿಗೆ ದಾಟುತ್ತಿದ್ದ;
ಆದರೂ ಅವನ ಒಪೆರಾದ ಮೂರನೇ ಅಂಕಕ್ಕೆ
ಎಂಟು ಕುದುರೆ ಬೇಕೇ ಬೇಕು, ಜೀವಂತ.
ಹಲಗೆ ಮುರಿದು ಒಂದರ ಕಾಲು ಹೋಯಿತು.
ಹಿತ್ತಲಲ್ಲಿ ಗುಂಡು ಹಾರಿದಾಗ
ಬಣ್ಣದ ಕೋಣೆಯಲ್ಲಿ ಕಿವಿ ಮುಚ್ಚಿ ಕೂತಿದ್ದವನು
ಕಣ್ಣೊರೆಸಿಕೊಂಡು ಕೇಳಿದ:
ಕೊನೆಗೆ ಕೂಗಿತಲ್ಲ, ಅದು ಯಾವ ಸ್ವರ?
ಬರೆದುಕೊಂಡ.
ನೀವೆಲ್ಲ ಎದ್ದು ನಿಂತು ಕೇಳುವ ಆ ತುತ್ತೂರಿ, ಅದೇ.

ನಲವತ್ತೊಂಬತ್ತರ ಮೇ ತಿಂಗಳು, ಡ್ರೆಸ್ಡೆನ್.
ರಂಗಮಂದಿರದ ಬಣ್ಣದ ಕಾಡನ್ನೇ ಬೀದಿಗೆಳೆದು
ಸೈನಿಕರಿಗೆ ಅಡ್ಡ ಕಟ್ಟಿದ್ದ, ತೋಳು ಮಡಚಿ,
ನನ್ನ ಕೈಗೂ ಒಂದು ಕಲ್ಲು ಕೊಟ್ಟಿದ್ದ.
ಹನ್ನೊಂದು ವರ್ಷದ ಮೇಲೆ
ಡ್ಯೂಕನ ಮುಂದೆ ಅವನ ನಡು ಬಗ್ಗಿದ್ದನ್ನೂ ಕಂಡೆ.
ಎರಡೂ ದಿನ ಅವನ ಕೊರಳಲ್ಲಿ ಅದೇ ಕೆಂಪು ವಸ್ತ್ರ.
ಸುಳ್ಳಾಡಲಿಲ್ಲ ಅವನು, ಎರಡೂ ದಿನ.
ಅದೇ ನನಗೆ ಇವತ್ತಿಗೂ ಬಗೆಹರಿಯದ್ದು.

ಕ್ರಿಸ್ಮಸ್ಸಿಗೆಂದು ತಂದ ಮೀನು
ತೊಟ್ಟಿಯಲ್ಲಿ ಮೂರು ದಿನ ಈಜಿತು. ಕೊಯ್ಯಗೊಡಲಿಲ್ಲ.
ಬಾಯಿ ತೆರೆದು ಮುಚ್ಚುವುದ ನೋಡಿ ಅತ್ತ,
ಬಕೆಟ್ಟಿನಲ್ಲಿ ಹೊತ್ತು ಕೆರೆಗೆ ಬಿಟ್ಟುಬಂದ,
ಹಿಮದಲ್ಲಿ, ಮನೆಯ ಚಪ್ಪಲಿಯಲ್ಲೇ.
ಅದೇ ರಾತ್ರಿ ಕೂತು ಬರೆದದ್ದು ಆ ಕರಪತ್ರ,
ಯೆಹೂದಿಗಳ ಮೇಲೆ. ಹದಿನಾಲ್ಕು ಪುಟ.
ಏನಿತ್ತು ಎಂದು ಹೇಳುವುದಿಲ್ಲ. ನನ್ನ ಬಾಯಲ್ಲಿ ಬೇಡ.

ಕೈಯಲ್ಲಿ ಬಂತಲ್ಲ ಆದರೆ.
ಶುದ್ಧಪ್ರತಿ ಮಾಡಿದವನು ನಾನೇ.
ಅಕ್ಷರ ಮುತ್ತಿನಂತಿದೆ ಹಿಲ್ಷರ್, ಎಂದ.
ಹಿಗ್ಗಿದೆ. ಹೌದು, ಹಿಗ್ಗಿದೆ.
ಇದನ್ನೂ ಬರೆದುಕೊಳ್ಳಿ.

ಗುರುವಾರ ಸಾಲೊಮೊನ್ ಫ್ರಾಯ್ಡೆಂಥಾಲ್ ಬಂದ,
ನಮ್ಮ ಮೊದಲ ಸೆಲ್ಲೋ, ಆ ಚಳಿಗಾಲವೆಲ್ಲ
ವೋಲ್ಕಾರ್ಟನ ಒಲೆಗೆ ಕಲ್ಲಿದ್ದಲು ಕಳಿಸಿದವನು.
ದಾರದ ಮೇಲೆ ಹಾಳೆಗಳು ಒಣಗುತ್ತಿದ್ದವು:
ಎರಡನೇ ಅಂಕದ ಲಾಲಿ, ಪಕ್ಕಕ್ಕೆ ಹದಿನಾಲ್ಕು ಪುಟ,
ಒಂದೇ ಮಸಿಕುಡಿಕೆಯವು. ತೆಗೆದಿಡಲು ಹೊತ್ತಿರಲಿಲ್ಲ.
ಓದಿದ. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.
ಆಮೇಲೆ ಲಾಲಿಯ ಹಾಳೆಗೆ ಬೆರಳಿಟ್ಟು
ಇಷ್ಟೇ ಅಂದ:
ಇಲ್ಲಿ ಒಂದು ಕೋಮಲ ಬಿಟ್ಟುಹೋಗಿದೆ.
ಜೇಬಿನಿಂದ ಸೀಸದಕಡ್ಡಿ ತೆಗೆದು, ತಾನೇ ಗುರುತಿಟ್ಟ.

ಆ ಶನಿವಾರ ಅವನು ನುಡಿಸಿದ ಲಾಲಿಗೆ
ಗ್ಯಾಲರಿಯ ಕಟುಕರೂ ಬಿಕ್ಕಿದರು.
ವೋಲ್ಕಾರ್ಟ್ ಓಡಿ ಬಂದು ತಬ್ಬಿಕೊಂಡ, ಎಲ್ಲರೆದುರು.
ಫ್ರಾಯ್ಡೆಂಥಾಲನ ತೋಳು ಕೆಳಗೇ ಇತ್ತು,
ಒಂದರಲ್ಲಿ ಕಮಾನು.
ಯಾಕೆ ನುಡಿಸಿದೆ, ಎಂದೆ, ಮೆಟ್ಟಿಲಲ್ಲಿ.
ತಂತಿ ನನ್ನದು ಹಿಲ್ಷರ್, ಎಂದ. ಕೈಯೂ ನನ್ನದೇ.
ನಿನ್ನ ಕೈ ಯಾರದು ಎಂದು ಕೇಳಲಿಲ್ಲ.
ಕೇಳಬಹುದಿತ್ತು.
ವಸಂತಕ್ಕೆ ಮೊದಲೇ ಬ್ರೆಸ್ಲಾವಿಗೆ ಹೊರಟುಹೋದ.

ಮೊನ್ನೆ ಪೆಟ್ಟಿಗೆ ತೆರೆದೆ.
ಓಕ್ ಮರವನ್ನು ಕಣಜ ಕಚ್ಚಿದಲ್ಲಿ ಗಂಟು ಕಟ್ಟುತ್ತದಲ್ಲ,
ಅದನ್ನು ಅರೆದು, ಕಬ್ಬಿಣದ ಉಪ್ಪು ಬೆರೆಸಿ ಮಾಡುವ ಮಸಿ ನಮ್ಮದು.
ವಯಸ್ಸಾದಂತೆ ಕಾಗದವನ್ನು ತಿನ್ನುತ್ತದೆ.
ಲಾಲಿಯ ಸ್ವರಗಳಿದ್ದಲ್ಲೆಲ್ಲ ಈಗ ತೂತು,
ಬೆಳಕಿಗೆ ಹಿಡಿದರೆ ಕಿಟಕಿ ಕಾಣುತ್ತದೆ.
ಆ ಕರಪತ್ರವೂ ಹಾಗೇ ಆಗಿದ್ದೀತು,
ಅಚ್ಚಾಗದೆ ನನ್ನ ಪೆಟ್ಟಿಗೆಯಲ್ಲೇ ಉಳಿದಿದ್ದರೆ.

ಸೀಸದಕಡ್ಡಿಯ ಗುರುತು ಮಾತ್ರ ಇದೆ,
ಸಣ್ಣದು, ತುಸು ಓರೆ.
ಸ್ವರವೇ ಇಲ್ಲದ ಜಾಗದ ಪಕ್ಕ, ಒಂದು ಕೋಮಲ.

ನಲವತ್ತೊಂದು ಟಾಲರ್, ಮರೆಯಬೇಡಿ.
ಕೊಟ್ಟರೆ ತೆಗೆದುಕೊಳ್ಳುತ್ತೇನೋ ಇಲ್ಲವೋ
ಇನ್ನೂ ಯೋಚಿಸಿಲ್ಲ.