ದಿಡ್ಡಿ ಬಾಗಿಲಿನ ಓಜಿಯಾಸ್

ಈ ಊರಿನ ಹೆಸರಿನಲ್ಲೇ ಸತ್ತ ನೀರು ಇದೆ.
ನಾಲ್ಕೂ ಕಡೆ ಗೋಡೆ, ಗೋಡೆಯಾಚೆ ಜವುಗು,
ಜವುಗಿನಾಚೆ ಉಪ್ಪಿನ ಮಡಿ, ಅದರಾಚೆ ಎಲ್ಲೋ
ಬಿಟ್ಟುಹೋದ ಕಡಲು.

ಹಡಗುಗಳು ಇಲ್ಲಿಗೇ ಬರುತ್ತಿದ್ದವಂತೆ.
ತೆಂಕಣ ಗೋಡೆಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆಗಳಿವೆ,
ಈಗ ಅವಕ್ಕೆ ದೆಲ್ಫೀನ್ ಬಟ್ಟೆಯ ತಂತಿ ಬಿಗಿಯುತ್ತಾಳೆ.
ಗಾಳಿ ಎದ್ದ ದಿನ ಗಂಡನ ಅಂಗಿಗಳೆಲ್ಲ ಹಾಯಿ.
ಊರು ಮಾತ್ರ ಕದಲುವುದಿಲ್ಲ.

ಕಡಲೇ ಎದ್ದು ಹೋದ ಮೇಲೂ
ಓಜಿಯಾಸ್ ರಾತ್ರಿ ಹತ್ತಕ್ಕೆ ದಿಡ್ಡಿ ಬಾಗಿಲು ಹಾಕುತ್ತಾನೆ.
ಪುರಸಭೆ ಸಂಬಳ ಕೊಡುತ್ತದೆ.
ಯಾಕೆಂದು ಅವನು ಕೇಳಿಲ್ಲ, ಅವರು ಹೇಳಿಲ್ಲ.
ಸೊಳ್ಳೆ ಮೇಲಿಂದ ಬರುತ್ತದೆ, ಜೊತೆಗೆ ಜ್ವರ.
ಉಪ್ಪು ಕೆಳಗಿಂದ ಕಲ್ಲಿನೊಳಗೇ ಏರಿ
ಅಡಿಗೆಮನೆಯ ಗೋಡೆಯಲ್ಲಿ ಬೆಳ್ಳಗೆ ಅರಳುತ್ತದೆ;
ದೆಲ್ಫೀನ್ ಕೆರೆಯುತ್ತಾಳೆ, ಅದು ಅರಳುತ್ತದೆ.

ನವೆಂಬರಿನ ಅಮಾವಾಸ್ಯೆ. ಜಡಿಮಳೆ.
ಅಗುಳಿ ಎಳೆಯುವಾಗ ಪಾದದ ಬಳಿ ಏನೋ ಹರಿಯಿತು.
ಲಾಟೀನು ಬಗ್ಗಿಸಿದ.
ಹಾವುಮೀನು. ಎರಡು ಮೊಳ, ಹೊಟ್ಟೆ ಬೆಳ್ಳಿ,
ಒಳಗಿಂದ ಹೊರಕ್ಕೆ ಹೊರಟಿದೆ.

ಇಗರ್ಜಿಯ ಹಿಂದಿನ ಹಾಳುಬಾವಿಯದೇ ಇರಬೇಕು.
ಹುಡುಗನಾಗಿದ್ದಾಗ ಬೆರಳುದ್ದದ ಮರಿಯೊಂದನ್ನು
ಅದರೊಳಕ್ಕೆ ಎಸೆದದ್ದು ತಾನೇ,
ಅಣ್ಣ ಫುಲ್ಕ್ರಾನ್ ಜೊತೆ ಪಂದ್ಯ ಕಟ್ಟಿ:
ವಾರ ಬದುಕಿದರೆ ನಿನ್ನ ಚಾಕು ನನಗೆ.
ಫುಲ್ಕ್ರಾನ್ ಮಣ್ಣಾಗಿ ಹನ್ನೊಂದು ವರ್ಷ.
ಚಾಕು ಇವನ ಜೇಬಿನಲ್ಲೇ ಇದೆ.
ಅದೇ ಮೀನು ಇದು ಎಂದು ಯಾರು ಹೇಳಬಲ್ಲರು?

ಹಾವೂ ಅಲ್ಲದ, ಮೀನೂ ಅಲ್ಲದ ಅದು
ಹೊಸ್ತಿಲ ಕಲ್ಲಿನ ಮೇಲೆ ಅರೆಗಳಿಗೆ ತಲೆಯಿಟ್ಟು ಉಸಿರಾಡಿತು.
ಕೆಂಪು ವೈನಿನಲ್ಲಿ, ಈರುಳ್ಳಿ ಹಾಕಿ, ನಿಧಾನವಾಗಿ ಬೇಯಿಸಿದರೆ
ಮೂರು ಹೊತ್ತಿಗಾಗುತ್ತದೆ; ಓಜಿಯಾಸ್‌ಗೆ ಬಾಯಲ್ಲಿ ನೀರೂರಿತು.
ಚಾಕು ತೆಗೆದ.
ಮತ್ತೆ ಅದನ್ನು ಮಡಿಚಿದ.
ಬಾಗಿಲಾಚೆಯ ಒಣ ಕಮಾನಿನ ಕೆಳಗೆ
ಬಕೆಟ್ಟು ತುಂಬ ಮಳೆನೀರು ಚೆಲ್ಲಿ ದಾರಿ ಹಾಸಿದ,
ಕಾಲುವೆಯ ಅಂಚಿನವರೆಗೆ ಲಾಟೀನು ಹಿಡಿದು ನಡೆದ,
ಮಗಳನ್ನು ಗಾಡಿ ಹತ್ತಿಸುವವನ ಹಾಗೆ, ಏನೂ ಮಾತಾಡದೆ.

ನೀರು ಒಂದು ಸಲ ಬಾಯ್ದೆರೆದು ಮುಚ್ಚಿತು.
ಕಡಲು ಎತ್ತ ಎಂದು ಅವನಿಗೆ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಿತ್ತು.

ಒದ್ದೆ ಬೂಟು ಕಳಚುವ ಗಡಿಬಿಡಿಯಲ್ಲಿ ಅಗುಳಿ ಮರೆತ.

ಬೆಳಗಾದರೆ ಜವುಗಿನ ಬಿಳಿ ಕುದುರೆಯೊಂದು
ಹಿತ್ತಿಲ ಬಾಗಿಲಿಂದ ಅಡಿಗೆಮನೆಗೆ ತಲೆ ತೂರಿಸಿ
ಗೋಡೆಯ ಉಪ್ಪನ್ನು ಸಾವಕಾಶ ನೆಕ್ಕುತ್ತಿತ್ತು.
ದೆಲ್ಫೀನ್ ಪೊರಕೆ ಎತ್ತಿದವಳು
ಎತ್ತಿದ ಹಾಗೇ ನಿಂತಿದ್ದಳು.
"ಇನ್ನೊಂದು ಚೂರು," ಎಂದಳು ಕುದುರೆಗೆ, "ಅಗೋ, ಆ ಮೂಲೆಯದೂ."