ಹನ್ನೊಂದನೆಯ ಸಾಲು

ಇನ್ನೂರ ಹದಿನಾಲ್ಕು ಹೆಸರು. ಬೇಕಾದದ್ದು ಮೂವತ್ತು.
ಲವೀನಾ ಮೇಡಂ ಜರಡಿಯನ್ನು ನನ್ನ ಕೈಗೆ ಕೊಟ್ಟರು:
ವಯಸ್ಸು ಹನ್ನೆರಡರಿಂದ ಹದಿನೈದು,
ಹತ್ತರಲ್ಲಿ ಆರು ಪಾಠಕ್ಕಾದರೂ ಹಾಜರಿ,
ಸ್ವಂತ ಖಾತೆ, ಪೋಷಕರ ಒಪ್ಪಿಗೆ.
ಆಮೇಲೆ ಚೀಟಿ ಎತ್ತು, ಅಂದರು,
ಕಂಪ್ಯೂಟರೇ ಎತ್ತಿಕೊಡುತ್ತದೆ,
ಅದಕ್ಕೆ ಯಾರ ಮುಖದ ದಾಕ್ಷಿಣ್ಯವೂ ಇಲ್ಲ.

ಹಿಡಿದೆ. ಉದುರಿದ ನುಚ್ಚನ್ನು
ಎಣಿಸುವ ಕಾಲಂ ನಮ್ಮ ಹಾಳೆಯಲ್ಲಿರಲಿಲ್ಲ.

ಪ್ರಶ್ನಾವಳಿ ಕಳಿಸಿದ್ದು ಆನ್‌ಲೈನಿನಲ್ಲೇ.
ಮೊದಲ ಪ್ರಶ್ನೆ: ನಿಮ್ಮಲ್ಲಿ ಇಂಟರ್‌ನೆಟ್ ಇದೆಯೆ?
ಉತ್ತರ ಕೊಟ್ಟ ನೂರಕ್ಕೆ ನೂರು ಮಂದಿ ಇದೆ ಅಂದರು.
ಚಿತ್ರ ಬರೆಸಿದರೆ ಹುಣ್ಣಿಮೆಯ ಹಾಗೆ ತುಂಬಿ ಬಂತು.
ಅದನ್ನೂ ಒಂದು ಫಲಿತಾಂಶವೆಂದೇ ಬರೆದುಕೊಂಡೆವು.

ಹನ್ನೊಂದನೆಯ ಸಾಲು: ದ್ಯಾಮವ್ವ ಫ. ತಳವಾರ,
ಝುವಾರಿನಗರ. ಹಾಜರಿ ನೂರಕ್ಕೆ ತೊಂಬತ್ತೆಂಟು.
ಅಷ್ಟು ಶ್ರದ್ಧೆ ಇಡೀ ಪಟ್ಟಿಯಲ್ಲಿ ಇನ್ನೊಬ್ಬರದಿಲ್ಲ.
ಅಂಕಗಳಿಗೆ ಮಾತ್ರ ತಲೆಬುಡವಿಲ್ಲ:
ಸೋಮವಾರ ಬೀಜಗಣಿತ ಹತ್ತಕ್ಕೆ ಹತ್ತು,
ಮಂಗಳವಾರ ಭಿನ್ನರಾಶಿಯ ಗಂಧವೂ ಇಲ್ಲ,
ಬುಧವಾರ ಉತ್ತರದ ಜಾಗದಲ್ಲಿ ಒಂದು ಮೀನಿನ ಚಿತ್ರ.
ಕ್ಯಾಮೆರಾದಲ್ಲಿ ಯಾವತ್ತೂ ಕಂಡದ್ದು ತಗಡಿನ ಮಾಡು.
ಗುಂಪಿಗೆ ಸೇರದ ಬಿಂದು, ಅಂದರು ಮೇಡಂ, ತೆಗೆದುಬಿಡು.
ತೆಗೆಯುವ ಮುನ್ನ ಒಮ್ಮೆ ನೋಡಿಬರೋಣವೆಂದು
ಪಣಜಿಯಲ್ಲಿ ವಾಸ್ಕೊ ಬಸ್ಸು ಹತ್ತಿದೆ.

ಕೆಂಪುಕಲ್ಲಿನ ಗುಡ್ಡ. ಒಂದರ ಹೆಗಲಿಗೆ ಇನ್ನೊಂದು
ಆತು ನಿಂತ ಮನೆಗಳು.
ದಾಬೋಳಿಯ ವಿಮಾನ ನೆತ್ತಿಯ ಮೇಲೆಯೇ ಇಳಿಯುತ್ತದೆ;
ಆ ಅರ್ಧ ನಿಮಿಷ ಇಲ್ಲಿ ಯಾವ ಪಾಠವೂ ಕೇಳಿಸದು.
ನಮ್ಮ ಟಿಪ್ಪಣಿಯಲ್ಲಿ ಅದಕ್ಕೆ 'ಗಮನದ ಕೊರತೆ' ಎಂದಿತ್ತು.

ದ್ಯಾಮವ್ವ ಮನೆಯಲ್ಲಿಲ್ಲ,
ಸಿಗಡಿ ಸುಲಿಯುವ ಕಾರ್ಖಾನೆಯಲ್ಲಿ ಹಗಲು ಪಾಳಿ.
ಇದ್ದದ್ದು ಅವಳ ಫೋನು,
ಲಂಗದ ಲಾಡಿಯಿಂದ ಕಿಟಕಿಯ ಸರಳಿಗೆ ಬಿಗಿದದ್ದು
(ಸಿಗ್ನಲ್ಲು ಆ ಒಂದು ಗೇಣಿನಲ್ಲಿ ಮಾತ್ರ),
ಅದರ ಕೆಳಗೆ ಮೂವರು.

"ಸೋಮವಾರ ನಂದ್ರಿ," ಅಂದಳು ನೀಲವ್ವ,
"ಮಂಗಳವಾರ ಇವಂದು, ಹನಮಪ್ಪಂದು.
ಬುಧವಾರ ಈಕೀದು. ಇನ್ನೂ ಸಾಲೀಗೆ ಹಚ್ಚಿಲ್ಲರಿ,
ಆದ್ರ ಪಾಳಿ ಕೊಡಲಿಲ್ಲಂದ್ರ ಅಳ್ತಾಳ."
ಮೀನು ಬರೆದವಳು ಅಣ್ಣನ ಬೆನ್ನ ಹಿಂದೆ ಸರಿದಳು.
"ಗುರುವಾರ ಮತ್ತ ನಾ."
ಶುಕ್ರವಾರ?
"ಶುಕ್ರವಾರ ಅವ್ವಂದು. ಆಕೀಗೆ ಸುಟ್ಟಿ ಅವತ್ತ.
ಏನೂ ಬರಿಯಂಗಿಲ್ಲ. ಸುಮ್ನ ಕುಂತು ಕೇಳ್ತಾಳ."

ಚೀಲದಲ್ಲಿ ಒಪ್ಪಿಗೆ ಪತ್ರವಿತ್ತು.
ಭಾಗವಹಿಸುವವರ ಹೆಸರಿಗೆ ಒಂದೇ ಗೆರೆ.

ಮೇಡಂಗೆ ಫೋನು ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದರು.
ಒಳ್ಳೆಯವರು; ತಮಗೇ ಹೇಳಿಕೊಳ್ಳುವಂತೆ
"ನಾಲ್ವರನ್ನು ಒಬ್ಬಳೆಂದು ಹೇಗಮ್ಮ ಎಣಿಸುವುದು" ಅಂದರು,
ಆಮೇಲೆ "ಇತಿಮಿತಿಗಳಲ್ಲಿ ಒಂದು ವಾಕ್ಯ ಹಾಕು."
ಹಾಕಿದೆ: ಒಂದೇ ಖಾತೆಯನ್ನು ಒಬ್ಬರಿಗಿಂತ ಹೆಚ್ಚು ಮಂದಿ
ಬಳಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.
ಖಾಲಿಯಾದ ಹನ್ನೊಂದಕ್ಕೆ ಕಂಪ್ಯೂಟರು
ಮೀರಾಮಾರಿನ ಹುಡುಗನೊಬ್ಬನನ್ನು ಎತ್ತಿಕೊಟ್ಟಿತು.
ಅವನು ಎಲ್ಲ ಪ್ರಶ್ನೆಗೂ 'ತೃಪ್ತಿಕರ' ಎಂದು ಗುರುತು ಹಾಕಿದ,
ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ.

ಅವತ್ತು ಗುಡ್ಡ ಇಳಿಯುವಾಗ
ಸಣ್ಣವಳು ಮೂರು ಮೆಟ್ಟಿಲು ಜೊತೆಗೆ ಬಂದಿದ್ದಳು.
ನನ್ನ ಕೈಯ ಫೋನನ್ನೇ ನೋಡುತ್ತ
"ಇದರಾಗ ನಿಮ್ಮ ಪಾಳಿ ಯಾವತ್ತರಿ?" ಎಂದು ಕೇಳಿದಳು.
ಏನೋ ಹೇಳಿದೆ.
ಅಷ್ಟರಲ್ಲಿ ವಿಮಾನ ಬಂತು,
ಏನು ಹೇಳಿದೆನೋ ನನಗೇ ಕೇಳಿಸಲಿಲ್ಲ.