ಒಂಬತ್ತು ಕಪ್ಪು

ಭೋಸರಿಯ ಪಂಪು ಕಾರ್ಖಾನೆಯಲ್ಲಿ
ಮೊದಲ ದಿನವೇ ನನ್ನ ಕೈಗಿಟ್ಟರು
ಲ್ಯಾಮಿನೇಟು ಮಾಡಿದ ಒಂದು ಹಾಳೆ:
ಮೇಲೊಂದು ಚೌಕ, ಅದರ ಕೆಳಗೆ ಮೂರು,
ಮೂರರ ಕೆಳಗೆ ಹನ್ನೊಂದು, ಆಮೇಲೆ ಚೌಕಗಳಿಲ್ಲ,
ಬರೀ ಒಂದು ಅಂಕಿ, ನಾನೂರ ಆರು.
"ನಮ್ಮಲ್ಲಿ ಮಾತು ಹೀಗೆ ಹರೀತದೆ" ಅಂದರು ದಾತಾರ್ ಸಾಹೇಬರು,
ಬೆರಳನ್ನು ಮೇಲಿನಿಂದ ಕೆಳಗೆ ಎಳೆಯುತ್ತ.
ಕೆಳಗಿನಿಂದ ಮೇಲಕ್ಕೆ ಎಳೆಯಲಿಲ್ಲ.
ನಾನದನ್ನು ಬರೆದುಕೊಂಡೆ.

ನನ್ನದು ಒಂದೇ ಪ್ರಶ್ನೆ:
ಕಳೆದ ವಾರ ಗೊತ್ತಾದ ಹೊಸ ಸಂಗತಿ ಯಾವುದು,
ಮೊದಲು ಹೇಳಿದವರು ಯಾರು?
ಮರಾಠಿಯಲ್ಲಿ ಕೇಳಿ ಇಂಗ್ಲಿಷಿನಲ್ಲಿ ತುಂಬಿ
ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿ
ಸೊಲ್ಲಾಪುರದ ಕನ್ನಡದಾಗ ಅದನ್ನೇ ಗುನುಗುವುದು,
ಯಾರ್ ಹೇಳಿದ್ರು? ಯಾವಾಗ್ ಹೇಳಿದ್ರು? ನಿಮಗ್ಯಾಕ್ ಹೇಳಿದ್ರು?

ಬೋನಸ್ಸು ಕಡಿತದ ಸುದ್ದಿ
ನೋಟಿಸ್ ಬೋರ್ಡಿಗೆ ಬಂದದ್ದು ಶನಿವಾರ,
ಫೌಂಡ್ರಿಗೆ ಬಂದದ್ದು ಮಂಗಳವಾರ.
ನಡುವೆ ಗುರುವಾರದ ರಜೆಯಲ್ಲಿ
ಅದು ಆಳಂದಿವರೆಗೂ ಹೋಗಿ ಬಂದಿತ್ತು.
ಹೊಸ ಮ್ಯಾನೇಜರು ಕಾರಿನಿಂದ ಇಳಿಯುವ ಮೊದಲೇ
ಪೇಂಟ್ ಶಾಪಿನ ಹೆಂಗಸರಿಗೆ ಗೊತ್ತಿತ್ತು
ಆತನಿಗೆ ಸಕ್ಕರೆ ಕಾಯಿಲೆಯೆಂದು.

ಚುಕ್ಕಿ ಇಟ್ಟು ಗೆರೆ ಎಳೆಯುವುದು
ಅವ್ವ ಹೊಸ್ತಿಲಲ್ಲಿ ಕಲಿಸಿದ ವಿದ್ಯೆ.
ನಾನೂರ ಆರು ಚುಕ್ಕಿ ಇಟ್ಟೆ, ಬಾಣ ಎಳೆದೆ.
ಯಾವ ಗೆರೆ ಹಿಡಿದರೂ
ಸುತ್ತಿ ಬಳಸಿ ಹೋಗಿ ಬೀಳುವುದು
ನಾನು ಚುಕ್ಕಿಯೇ ಇಡದ ಜಾಗಕ್ಕೆ.

ಅಲ್ಲಿದ್ದ, ಗೇನಬಾ ಶೆಳಕೆ.
ಗುತ್ತಿಗೆ ಆಳು, ಚಹಾದ ಗಾಡಿಯವ,
ಚೌಕದಲ್ಲೂ ಇಲ್ಲ, ಅಂಕಿಯಲ್ಲೂ ಇಲ್ಲ.
ಹರಟೆಮಲ್ಲ ಇರಬೇಕೆಂದುಕೊಂಡರೆ
ಕೇಳಿದ್ದಕ್ಕೂ ಅರ್ಧ ಉತ್ತರ ಕೊಡುವವ.
"ನಾ ಏನೂ ಹೇಳೂದಿಲ್ಲ ತಾಯಿ,
ಒಳಗ ಎಷ್ಟು ಕಪ್ಪು ಹೋದ್ವು ಅಂತಷ್ಟೇ.
ಮೂರಾದರ ಮಾಮೂಲಿ ಮೀಟಿಂಗು,
ಒಂಬತ್ತಾದರ ಯಾರದೋ ಅನ್ನಕ್ಕ ಕುತ್ತು.
ಇನ್ನ ಕುಡೀದ ತಣ್ಣಗಾಗಿ ಹೊಳ್ಳಿ ಬಂದ್ರ..."
ಕೆಟಲಿನ ಮುಚ್ಚಳ ಒತ್ತಿ
ಗಾಡಿ ತಳ್ಳಿಕೊಂಡು ಹೊರಟ.

ಇದು ಇಳಿಯುವ ಮಾತಿನ ಕಥೆ. ಏರುವುದು ಬೇರೆ.

ಏಳನೇ ಪ್ರೆಸ್ಸು ಒಮ್ಮೊಮ್ಮೆ ತಾನಾಗಿಯೇ ಇಳಿಯುತ್ತದೆಂದು
ಶಹಾಜಿ ಮುಳಿಕ್ ಹೇಳಿದ್ದು ಮಾರ್ಚಿಯಲ್ಲಿ, ಬೈದೇ ಹೇಳಿದ್ದ.
ಸೂಪರ್ವೈಸರ್ ಬೈಗುಳ ತೆಗೆದು ಹೇಳಿದ.
ಇಂಜಿನಿಯರ್ "ಗಮನದಲ್ಲಿದೆ" ಎಂದು ಬರೆದ.
ಮೇಲಿನ ಮಹಡಿಯ ತಿಂಗಳ ವರದಿಯಲ್ಲಿ
ಏಳನೇ ಪ್ರೆಸ್ಸಿನ ಮುಂದೆ ಒಂದು ಹಸಿರು ಚುಕ್ಕಿ.
ಜುಲೈಯಲ್ಲಿ ಶಹಾಜಿ ನನ್ನ ಫಾರಮ್ಮಿಗೆ ಸಹಿ ಹಾಕಿದ್ದು
ಎಡಗೈಯಲ್ಲಿ.
ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.

ಮುನ್ನೂರು ಅಡಿ ಆಳದ ನೀರನ್ನೆತ್ತುವ ಪಂಪು ಮಾಡುವವರಿಗೆ
ಹದಿನಾರು ಮೆಟ್ಟಿಲು ಒಂದು ಮಾತನ್ನು ಎತ್ತಲಾಗಲಿಲ್ಲ,
ಎಂದು ಬರೆದೆ. ನನ್ನ ಗೈಡು
ಅದರ ಮೇಲೆ ಕೆಂಪು ಗೀಟೆಳೆದರು:
ಇದು ಫಲಿತಾಂಶವಲ್ಲ, ಸಿಟ್ಟು. ತೆಗೆ.
ತೆಗೆದೆ.
ಗೇನಬಾನ ಹೆಸರನ್ನೂ ತೆಗೆದೆ, ಅದನ್ನು ಯಾರೂ ಹೇಳದೆಯೇ.
ಗಾಡಿಯ ಜಾಗಕ್ಕೆ ಮಶೀನು ತಂದು ನಿಲ್ಲಿಸಲು
ಒಂದು ನಕ್ಷೆ ಸಾಕು.

ವರದಿ ಒಪ್ಪಿಸುವ ದಿನ ಮೇಜಿನ ಸುತ್ತ ಚಹಾ ಇಟ್ಟ.
ಎಣಿಸಬಾರದೆಂದುಕೊಂಡೇ ಎಣಿಸಿದೆ. ಒಂಬತ್ತು.
ಏಳನೇ ಪ್ರೆಸ್ಸಿನ ಪುಟಕ್ಕೆ ಬಂದಾಗ
ಎಲ್ಲರೂ ಕಪ್ಪಿನ ಕಡೆ ನೋಡಿದರು, ಯಾರೂ ಎತ್ತಲಿಲ್ಲ.
ದಾತಾರ್ ಸಾಹೇಬರು "ಉಪಯುಕ್ತವಾಗಿದೆ" ಅಂದರು.
ಕೆನೆಗಟ್ಟಿದ ಒಂಬತ್ತೂ ಕಪ್ಪನ್ನು
ಗೇನಬಾ ಸದ್ದಿಲ್ಲದೆ ಟ್ರೇಗೆ ತುಂಬಿಕೊಂಡು
ನನಗಿಂತ ಮೊದಲು ಮೆಟ್ಟಿಲಿಳಿದ.

ನಾನು ಗೇಟಿಗೆ ಬರುವಷ್ಟರಲ್ಲಿ
ಕಾವಲಿನವ ರಿಜಿಸ್ಟರ್ ಮುಂದೆ ಸರಿಸಿ,
ಪೆನ್ನು ಕೊಡುತ್ತ, ಮೆಲ್ಲಗೆ ಕೇಳಿದ:
"ಒಪ್ಪಲಿಲ್ಲಂತಲ್ಲ, ಮೇಡಂ?"